ಡೆತ್ ವ್ಯಾಲಿಯ ಗಣಿ ಜಾಡಿಗೆ ಹಳೆಯ ಟೊಪೊ ಹಾಳೆಯೇ ಸರಿ

ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿ ಡೆತ್ ವ್ಯಾಲಿಯ ಸುತ್ತಲ ಬೋಳು ಬೆಟ್ಟಗಳಲ್ಲಿ ಪಾಳು ಗಣಿಗಳ ಜಾಡು ಹಿಡಿಯಲು ಅಲ್ಲಿನ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್‌ನ ಹೊಸ ನಕ್ಷೆಗಿಂತ ಹಳೆಯ 1:24,000 ಅಳತೆಯ ಟೊಪೊ (ನೆಲದ ಏರಿಳಿತ ತೋರಿಸುವ) ಹಾಳೆಯೇ ಮೇಲು. 2009ರಲ್ಲಿ ಶುರುವಾದ ಯುಎಸ್ ಟೊಪೊ ಸರಣಿ ನೋಡಲು ಚೊಕ್ಕಟ; ಆದರೆ ಹಳೆಯದರಲ್ಲಿದ್ದ ಗಣಿ ಚಿಹ್ನೆಗಳು ಅದರಲ್ಲಿ ಬಹುಪಾಲು ಮಾಯ. ಹಳೆಯ ಹಾಳೆಯಲ್ಲಿ ಅದಿರಿಗಾಗಿ ತೋಡಿ ಬಿಟ್ಟ ಗುಂಡಿಗೆ ಪುಟ್ಟ ಗುಣಾಕಾರ ಗುರುತು, ಅರ್ಧ ಕಪ್ಪು ಅರ್ಧ ಬಿಳಿ ಚೌಕವೆಂದರೆ ನೆಟ್ಟಗಿಳಿಯುವ ಶಾಫ್ಟ್, ವೈ ಆಕಾರವೆಂದರೆ ಅಡ್ಡ ಸುರಂಗದ ಬಾಯಿ. ಒಂದೇ ಇಳಿಜಾರಿನಲ್ಲಿ ಗುಣಾಕಾರಗಳು ಸಾಲುಗಟ್ಟಿದ್ದರೆ ಅದಿರಿನ ಎಳೆ ಆ ದಿಕ್ಕಿಗೆ ಓಡಿದೆಯೆಂದು ಊಹಿಸಬಹುದು. ಅದೇ ಈ ಹಾಳೆಯ ನಿಜವಾದ ಬೆಲೆ.

ನೆಲದ ಏರಿಳಿತವೂ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಅಂಚಿನಲ್ಲಿ ಅಚ್ಚಾದ, ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವಿನ ಎತ್ತರದ ಅಂತರವನ್ನು ಮೊದಲು ನೋಡಿಕೊಂಡರೆ. 40 ಅಡಿ ಅಂತರದ ಹಾಳೆಯಲ್ಲಿ ಎರಡು ಸಮೋನ್ನತಿ ರೇಖೆಗಳ ನಡುವೆ 1 ಮಿ.ಮೀ. ಇದ್ದರೆ ಇಳಿಜಾರು ಸುಮಾರು 27 ಡಿಗ್ರಿ, ಅರ್ಧ ಮಿ.ಮೀ. ಆದರೆ 45, ಅಲ್ಲಿ ಕೈಯೂರದೆ ಹತ್ತಲಾಗದು. 30 ಅಡಿಯ ಬಂಡೆಗೋಡೆಯಂತೂ ಎರಡು ರೇಖೆಗಳ ನಡುವೆ ಸದ್ದಿಲ್ಲದೆ ಅಡಗಿಬಿಡುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ, ಸ್ಥಾನ ಅಳೆಯಲು ಹಿಡಿದ ಆಧಾರ ಚೌಕಟ್ಟಾದ ಡೇಟಮ್‌ನಲ್ಲಿ. ಹಳೆಯ ಹಾಳೆಗಳು 1927ರ ಉತ್ತರ ಅಮೆರಿಕದ ಡೇಟಮ್ ಆದ ನ್ಯಾಡ್ 27ರವು. ಜಿಪಿಎಸ್ ಈಗಿನ ಡೇಟಮ್ ಆದ ಡಬ್ಲ್ಯುಜಿಎಸ್ 84ರಲ್ಲೇ ಇದ್ದರೆ ಯುಟಿಎಂ (ಮೀಟರಿನಲ್ಲಿ ಸ್ಥಾನ ಹೇಳುವ ಚೌಕಜಾಲ) ಅಂಕಿ ಉತ್ತರ-ದಕ್ಷಿಣವಾಗಿ ಸುಮಾರು 200 ಮೀಟರ್ ತಪ್ಪುತ್ತದೆ. ಈ ಬೆಟ್ಟಗಳಲ್ಲಿ ಅಷ್ಟಾದರೆ ಪಕ್ಕದ ಕಣಿವೆಯಲ್ಲಿ ಹುಡುಕುತ್ತಿರುತ್ತೀರಿ. ಅಂಚಿನಲ್ಲಿ ಅಚ್ಚಾದ ಕಾಂತೀಯ ದಿಕ್ಪಾತವೂ (ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಕೋನ) ಹಳತೇ, ಈಗಿನದನ್ನು ಹಾಕಿಕೊಳ್ಳಿ. ನೇರಳೆ ಬಣ್ಣದ ದಾರಿಗಳು ವಿಮಾನ ಚಿತ್ರ ನೋಡಿ ಸೇರಿಸಿದವು, ನೆಲದ ಮೇಲೆ ಹೋಗಿ ತಾಳೆ ನೋಡಿದ್ದಲ್ಲ. ನೀಲಿಯಲ್ಲಿ ಬರೆದ ಊಟೆಯನ್ನು ನಂಬಿ ಕಡಿಮೆ ನೀರು ಒಯ್ಯಲೇಬೇಡಿ.

ಅದೇ ಸಂಸ್ಥೆಯ ಟೊಪೊವ್ಯೂ ತಾಣದಲ್ಲಿ ಈ ಹಳೆಯ ಹಾಳೆಗಳೆಲ್ಲ ಉಚಿತ. ಸ್ಥಾನದ ಮಾಹಿತಿ ಹೊತ್ತ ಚಿತ್ರಕಡತವಾದ ಜಿಯೊಟಿಫ್ ಇಳಿಸಿಕೊಳ್ಳಿ, ಜೆಪೆಗ್‌ನಲ್ಲಿ ಅದು ಇರುವುದಿಲ್ಲ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಒತ್ತಿದರೆ ಅಳತೆ ಕೆಟ್ಟಿತು. ಶೇಕಡಾ 100ರಲ್ಲಿ ಮುದ್ರಿಸಿ, ಕೆಳಗಿನ ಅಳತೆಪಟ್ಟಿಯಲ್ಲಿ 1 ಕಿ.ಮೀ. ಸರಿಸುಮಾರು 42 ಮಿ.ಮೀ. ಇದೆಯೇ ಎಂದು ಸ್ಕೇಲಿಟ್ಟು ನೋಡಿ. ಚಿಹ್ನೆಗಳಷ್ಟೇ ಸಾಕೆನ್ನುವವರಿಗೆ ಹಳೆಯ ಹಾಳೆಗಳಿಂದಲೇ ಹೆಕ್ಕಿದ ಯುಎಸ್‌ಮಿನ್ ದತ್ತಾಂಶವಿದೆ, ಹೊಸ ನಕ್ಷೆಯ ಮೇಲೆ ಹೊದಿಸಬಹುದು.

ಚಿಹ್ನೆ ಇಲ್ಲದ ಕಡೆ ಗುಂಡಿಯಿಲ್ಲ ಎಂದುಕೊಳ್ಳಬೇಡಿ: ಒತ್ತೊತ್ತಾಗಿರುವ ಕಡೆ ನಕ್ಷೆಗಾರರು ಕೆಲವನ್ನೇ ಗುರುತಿಸಿದ್ದಾರೆ. ಶಾಫ್ಟಿನ ಅಂಚಿನ ಮರ ಕೊಳೆತಿರುತ್ತದೆ, ಸಡಿಲ ಕಲ್ಲು ಒಳಮುಖವಾಗಿ ಜಾರುತ್ತದೆ. ದೂರದಿಂದಲೇ ನೋಡಿ ಹೊರಡಿ.