ಪಿಎಚ್‌ಪಿಮೇಲರ್: ಕಾಂಟ್ಯಾಕ್ಟ್ ಫಾರಂ ನಂಬಿಕೊಂಡವರಿಗಾಗಿ ಒಂದು ದೀರ್ಘ ಬಳಕೆಯ ವಿಮರ್ಶೆ

ವೆಬ್‌ಸೈಟಿನ ಕಾಂಟ್ಯಾಕ್ಟ್ ಫಾರಂನಲ್ಲಿ ಯಾರಾದರೂ ಹೆಸರು, ಫೋನ್ ನಂಬರು ಮತ್ತು ನಾಲ್ಕು ಸಾಲಿನ ವಿಚಾರಣೆ ಬರೆದು ಬಟನ್ ಒತ್ತಿದರೆ, ಅದು ಸೈಟಿನ ಮಾಲೀಕರ ಇನ್‌ಬಾಕ್ಸಿಗೆ ಬಂದು ಬೀಳಬೇಕು. ಕೇಳಲು ಇಷ್ಟು ಸರಳವಾಗಿರುವ ಈ ಕೆಲಸಕ್ಕೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಪಿಎಚ್‌ಪಿಮೇಲರ್ ಎಂಬ ಉಚಿತ ಲೈಬ್ರರಿಯನ್ನು, ಅಂದರೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಇಮೇಲ್ ಕಳುಹಿಸಲು ಬರೆದಿಟ್ಟ ಸಿದ್ಧ ಕೋಡನ್ನು. ಮೈಸೂರಿನಲ್ಲಿದ್ದುಕೊಂಡು ಸಣ್ಣ ವ್ಯಾಪಾರಿಗಳಿಗೆ ಸೈಟ್ ಮಾಡಿಕೊಡುವುದು ನನ್ನ ವೃತ್ತಿ. ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಹೋಂಸ್ಟೇ, ಸರಸ್ವತಿಪುರಂನಲ್ಲಿ ವೀಣೆ ಕಲಿಸುವ ಒಬ್ಬರು, ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿ, ಹೀಗೆ ನನ್ನ ಗಿರಾಕಿಗಳು. ಇವರೆಲ್ಲ ವರ್ಷಕ್ಕೊಮ್ಮೆ ಡೊಮೈನ್ ಮತ್ತು ಹೋಸ್ಟಿಂಗ್ ಹಣ ಕಟ್ಟುವವರೇ ಹೊರತು, ಇಮೇಲ್ ಕಳುಹಿಸುವ ಸೇವೆಗೆಂದು ತಿಂಗಳು ತಿಂಗಳು ಬೇರೆ ಬಿಲ್ ಕಟ್ಟಲು ಒಪ್ಪುವವರಲ್ಲ. ಮುಂದಿನ ಮಾತುಗಳನ್ನೆಲ್ಲ ಆ ಜೇಬಿನ ಲೆಕ್ಕದಲ್ಲೇ ಓದಿಕೊಳ್ಳಬೇಕು.

ಅಳವಡಿಸುವ ವಿಧಾನ, ಕಂಪೋಸರ್ ಆಜ್ಞೆ, ಮಾದರಿ ಕೋಡ್ ಇವೆಲ್ಲ ಹುಡುಕಿದವರಿಗೆ ಕೂಡಲೇ ಸಿಗುವುದರಿಂದ ಇಲ್ಲಿ ಬರೆಯುವುದಿಲ್ಲ. 2001ರಲ್ಲಿ ಬ್ರೆಂಟ್ ಮ್ಯಾಟ್ಜೆಲ್ ಆರಂಭಿಸಿದ, ಈಗ ಮುಖ್ಯವಾಗಿ ಮಾರ್ಕಸ್ ಬಾಯಿಂಟನ್ ನೋಡಿಕೊಳ್ಳುತ್ತಿರುವ ಈ ಲೈಬ್ರರಿ ಸೈಟ್ ಕಟ್ಟುವ ತಂತ್ರಾಂಶಗಳಾದ ವರ್ಡ್‌ಪ್ರೆಸ್ ಮತ್ತು ಜೂಮ್ಲಾಗಳ ಒಳಗೂ ಸೇರಿಕೊಂಡಿದೆ. ಆದ್ದರಿಂದ ಇದರ ಹೆಸರು ಕೇಳದವರೂ ಇದನ್ನು ಬಳಸಿಯೇ ಇರುತ್ತಾರೆ.

ಪಿಎಚ್‌ಪಿ ಭಾಷೆಯಲ್ಲೇ ‘ಮೇಲ್’ ಎಂಬ ಫಂಕ್ಷನ್ ಇರುವಾಗ ಬೇರೆ ಲೈಬ್ರರಿ ಯಾಕೆ ಎಂದು ಹೊಸಬರು ಕೇಳುವುದುಂಟು. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ ಎಂಬುದೇನೋ ನಿಜ. ಆದರೆ ಲಿನಕ್ಸ್ ಸರ್ವರಿನಲ್ಲಿ ಆ ಫಂಕ್ಷನ್ ಮಾಡುವುದು ಇಷ್ಟೇ: ಪತ್ರವನ್ನು ಅದೇ ಯಂತ್ರದಲ್ಲಿರುವ ಸೆಂಡ್‌ಮೇಲ್ ಪ್ರೋಗ್ರಾಮಿನ ಕೈಗೆ ಕೊಡುತ್ತದೆ, ಅದು ತೆಗೆದುಕೊಂಡರೆ ‘ಟ್ರೂ’ ಎಂದು ಹೇಳಿ ಸುಮ್ಮನಾಗುತ್ತದೆ. ಆಮೇಲೆ ಪತ್ರ ಹೊರಟಿತೇ, ಎದುರಿನ ಸರ್ವರ್ ಅದನ್ನು ಬಾಗಿಲಲ್ಲೇ ತಿರಸ್ಕರಿಸಿತೇ, ಸ್ಪ್ಯಾಮ್ ಪೆಟ್ಟಿಗೆಗೆ ಬಿತ್ತೇ ಎಂಬುದೊಂದೂ ನಮ್ಮ ಕೋಡಿಗೆ ತಿಳಿಯುವುದಿಲ್ಲ. ಪುಟದಲ್ಲಿ ಮಾತ್ರ ‘ನಿಮ್ಮ ಸಂದೇಶ ತಲುಪಿದೆ, ಧನ್ಯವಾದಗಳು’ ಎಂಬ ಹಸಿರು ಪಟ್ಟಿ ಕಾಣಿಸಿಕೊಳ್ಳುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ವಿಳಾಸದಿಂದ ಹಲವಾರು ಸೈಟುಗಳ ಪತ್ರಗಳು ಹೊರಡುವುದರಿಂದ, ಯಾರದೋ ಸೈಟು ಹ್ಯಾಕ್ ಆಗಿ ಸ್ಪ್ಯಾಮ್ ಸುರಿಸಿದರೆ ಉಳಿದವರ ಹೆಸರೂ ಕೆಡುತ್ತದೆ.

ಮಂಡ್ಯದ ಬೆಲ್ಲದ ವ್ಯಾಪಾರಿಯ ಸೈಟು ನನ್ನ ಕೈಗೆ ಬಂದದ್ದೇ ಈ ಕಾರಣದಿಂದ. ‘ಸೈಟಲ್ಲಿ ಬರ್ದು ಹದಿನೈದು ದಿನ ಆಯ್ತು ಅಂತ ಅಮೆರಿಕದಿಂದ ಫೋನ್ ಮಾಡವ್ರೆ ಸಾರ್, ನಮ್ಗೊಂದೂ ಬಂದಿಲ್ವಲ್ಲ’ ಎಂದರು. ಹಳೆಯ ಕೋಡ್ ತೆರೆದರೆ ಅದೇ ಒಂದು ಸಾಲಿನ ಫಂಕ್ಷನ್, ಜೊತೆಗೆ ‘ಕಳುಹಿಸಿದವರು’ ಎಂಬ ಜಾಗದಲ್ಲಿ ಗ್ರಾಹಕರು ಟೈಪ್ ಮಾಡಿದ ವಿಳಾಸವನ್ನೇ ತುಂಬಿದ್ದರು. ಇದು ಇಂದಿಗೂ ಅತಿ ಹೆಚ್ಚು ನಕಲಾಗುವ ಕೆಟ್ಟ ಮಾದರಿ. ತನ್ನ ಹೆಸರಿನಲ್ಲಿ ಬೇರೆ ಸರ್ವರಿನಿಂದ ಬರುವ ಪತ್ರಗಳನ್ನು ತಿರಸ್ಕರಿಸಿ ಎಂದು ಯಾಹೂ 2014ರಲ್ಲೇ ಡಿಮಾರ್ಕ್ ಎಂಬ ಇಮೇಲ್ ನಿಯಮದ ಮೂಲಕ ಜಗತ್ತಿಗೆ ಹೇಳಿಯಾಗಿದೆ. ಹೀಗಿರುವಾಗ ಎಲ್ಲೋ ಇರುವ ಹೋಸ್ಟಿಂಗ್ ಯಂತ್ರವೊಂದು ಯಾಹೂ ವಿಳಾಸ ಹೊತ್ತು ಬಂದರೆ ಯಾರು ಒಳಗೆ ಬಿಡುತ್ತಾರೆ? ಕಳುಹಿಸುವವರ ಜಾಗದಲ್ಲಿ ಸೈಟಿನ ಸ್ವಂತ ವಿಳಾಸವಿರಬೇಕು, ಗ್ರಾಹಕರ ವಿಳಾಸ ರಿಪ್ಲೈ-ಟು ಜಾಗದಲ್ಲಿರಬೇಕು. ಪಿಎಚ್‌ಪಿಮೇಲರ್‌ನಲ್ಲಿ ಇದಕ್ಕೆಂದೇ ‘ಆ್ಯಡ್‌ರಿಪ್ಲೈಟು’ ಎಂಬ ಮೆಥಡ್ ಇದೆ. ಅದನ್ನು ತುಂಬಿದರೆ ಮಾಲೀಕರು ಫೋನಿನಲ್ಲಿ ರಿಪ್ಲೈ ಒತ್ತಿದಾಗ ಉತ್ತರ ನೇರವಾಗಿ ಗ್ರಾಹಕರಿಗೆ ಹೋಗುತ್ತದೆ. ತುಂಬದಿದ್ದರೆ ಉತ್ತರ ಮರಳಿ ಅವರ ಇನ್‌ಬಾಕ್ಸಿಗೇ ಬಂದು ಬೀಳುತ್ತದೆ.

ಆದರೆ ನನಗೆ ಈ ಲೈಬ್ರರಿ ಹಿಡಿಸಿದ್ದು ಆ ಮೆಥಡ್‌ಗಾಗಿ ಅಲ್ಲ, ಅದು ಬರೆದಿಡುವ ಲಾಗ್‌ಗಾಗಿ. ಪಿಎಚ್‌ಪಿಮೇಲರ್ ಇಮೇಲ್ ರವಾನಿಸುವ ಎಸ್‌ಎಂಟಿಪಿ ಸರ್ವರಿನೊಂದಿಗೆ ತಾನೇ ಮಾತನಾಡುತ್ತದೆ, ಮತ್ತು ‘ಎಸ್‌ಎಂಟಿಪಿಡಿಬಗ್’ ಎಂಬ ಸೆಟ್ಟಿಂಗನ್ನು 2 ಎಂದು ಇಟ್ಟರೆ ಆ ಮಾತುಕತೆಯನ್ನು ಸಾಲುಸಾಲಾಗಿ ತೋರಿಸುತ್ತದೆ. ಸುಮ್ಮನೆ ಬಿಟ್ಟರೆ ಅದು ಗ್ರಾಹಕರ ಪರದೆಯ ಮೇಲೆಯೇ ಸುರಿಯುತ್ತದೆ. ಆದ್ದರಿಂದ ‘ಡಿಬಗ್‌ಔಟ್‌ಪುಟ್’ನಲ್ಲಿ ಪುಟ್ಟ ಫಂಕ್ಷನ್ ಒಂದನ್ನು ಕೊಟ್ಟು ಎಲ್ಲವನ್ನೂ ಫೈಲಿಗೆ ತಿರುಗಿಸಿಕೊಂಡಿದ್ದೇನೆ. ಬೆಳಿಗ್ಗೆ ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಆ ಫೈಲುಗಳನ್ನು ಓದುವುದು ಈಗ ಪತ್ರಿಕೆ ಓದುವಷ್ಟೇ ರೂಢಿಯಾಗಿದೆ. ಸರ್ವರಿನ ಪ್ರತಿ ಉತ್ತರವೂ ಮೂರಂಕಿಯ ಸಂಕೇತದಿಂದ ಆರಂಭವಾಗುತ್ತದೆ. ಸರ್ವರ್ ಮೊದಲು 220 ಎಂದು ತನ್ನ ಹೆಸರು ಹೇಳುತ್ತದೆ. ನಮ್ಮ ಕಡೆಯಿಂದ ‘ಇಎಚ್‌ಎಲ್‌ಓ’ ಎಂಬ ಪರಿಚಯದ ಮಾತು ಹೋಗುತ್ತದೆ, ಅದಕ್ಕೆ ತನ್ನಲ್ಲಿ ಏನೇನು ಸೌಲಭ್ಯವಿದೆ ಎಂಬ 250ರ ಪಟ್ಟಿ ಬರುತ್ತದೆ. ಸ್ಟಾರ್ಟ್‌ಟಿಎಲ್‌ಎಸ್ ಮುಗಿದು ಸಂಪರ್ಕ ಗೂಢಲಿಪಿಗೆ ತಿರುಗಿದ ಮೇಲೆ ಅದೇ ಪರಿಚಯ ಇನ್ನೊಮ್ಮೆ ನಡೆಯುತ್ತದೆ. 334 ಎಂದು ಬಳಕೆದಾರರ ಹೆಸರು ಕೇಳುತ್ತದೆ, ಮತ್ತೊಂದು 334 ಎಂದು ಪಾಸ್‌ವರ್ಡ್ ಕೇಳುತ್ತದೆ. ಈ ಎರಡು ಉತ್ತರಗಳ ಜಾಗದಲ್ಲಿ ಲೈಬ್ರರಿ ವಿವರವನ್ನು ಮರೆಮಾಡಿ ಬರೆಯುವುದು ನನಗೆ ತುಂಬ ಇಷ್ಟವಾದ ಸೂಕ್ಷ್ಮ. 235 ಬಂದರೆ ಒಳಗೆ ಬಿಟ್ಟರು ಎಂದರ್ಥ. ಕಳುಹಿಸುವವರ ವಿಳಾಸಕ್ಕೊಂದು 250, ಪಡೆಯುವವರ ವಿಳಾಸಕ್ಕೊಂದು 250, ‘ಪತ್ರ ಹೇಳು’ ಎಂದು 354, ಒಂಟಿ ಚುಕ್ಕೆಯ ಸಾಲಿನಿಂದ ಪತ್ರ ಮುಗಿದ ಮೇಲೆ ಕೊನೆಯ 250, ಹೊರಡುವಾಗ 221. ಲಾಗಿನ್ ಮತ್ತು ಗೂಢಲಿಪಿಯ ಭಾಗ ಬಿಟ್ಟರೆ, 1982ರಲ್ಲಿ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 821 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ ಬರೆದಿಟ್ಟ ಕ್ರಮ ಬಹುಮಟ್ಟಿಗೆ ಹಾಗೆಯೇ ಉಳಿದುಕೊಂಡಿದೆ.

ಈ ಲಾಗ್ ಓದಲು ಬಂದರೆ ಅರ್ಧ ಗಂಟೆಯ ತಲೆನೋವು ಒಂದು ನೋಟದಲ್ಲಿ ಮುಗಿಯುತ್ತದೆ. ಒಂದು ಹೋಸ್ಟಿಂಗ್ ಕಂಪನಿಯ ಸರ್ವರಿನಲ್ಲಿ ಜಿಮೇಲ್ ಸಂಪರ್ಕ, ಸರ್ವರಿನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ದೋಷ ತೋರಿಸಿ ಪದೇ ಪದೇ ಕಡಿದುಹೋಗುತ್ತಿತ್ತು. ಹುಡುಕಿದ ಕಡೆಯಲ್ಲೆಲ್ಲ ‘ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡಿ’ ಎಂಬ ಉಪದೇಶ. ಲಾಗ್‌ನ ಮೊದಲ ಸಾಲಿನ 220ರ ಮುಂದೆ ಜಿಮೇಲ್ ಹೆಸರಿರಬೇಕಾದ ಜಾಗದಲ್ಲಿ ಆ ಹೋಸ್ಟಿಂಗ್ ಕಂಪನಿಯ ಸ್ವಂತ ಮೇಲ್ ಸರ್ವರಿನ ಹೆಸರಿತ್ತು. ಹೊರಗೆ ಹೋಗುವ ಸಂಪರ್ಕವನ್ನು ಅವರು ನಡುವೆಯೇ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಪರಿಶೀಲನೆ ಆಫ್ ಮಾಡಿದ್ದರೆ ಗಿರಾಕಿಯ ಪಾಸ್‌ವರ್ಡನ್ನು ನಾವೇ ಅವರ ಕೈಗೆ ಕೊಟ್ಟಂತಾಗುತ್ತಿತ್ತು. ಪಿಎಚ್‌ಪಿ 5.6ರಿಂದ ಪ್ರಮಾಣಪತ್ರದ ಪರಿಶೀಲನೆ ತಾನಾಗಿಯೇ ಚಾಲೂ ಇರುವುದು ಇಂಥದ್ದಕ್ಕಾಗಿಯೇ.

ಕನ್ನಡದಲ್ಲಿ ಬಂದ ವಿಚಾರಣೆಗಳನ್ನು ಲಾಗ್‌ನಲ್ಲಿ ಗುರುತಿಸುವುದು ಇನ್ನೊಂದು ಸಣ್ಣ ಖುಷಿ. ಇಮೇಲ್‌ನ ತಲೆಸಾಲುಗಳು ಮೂಲತಃ 7 ಬಿಟ್‌ಗಳ ಆಸ್ಕಿ ಅಕ್ಷರಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚಿಹ್ನೆಗಳಿಗೆ ಸೀಮಿತ. ಹಾಗಾಗಿ ವಿಷಯದ ಸಾಲಿನಲ್ಲಿ ಕನ್ನಡವಿದ್ದರೆ ಅದನ್ನು ಆಸ್ಕಿ ಅಕ್ಷರಗಳಲ್ಲೇ ಬರೆಯುವ ಬೇಸ್64 ರೂಪಕ್ಕೆ ತಿರುಗಿಸಿ ಕಳುಹಿಸಬೇಕಾಗುತ್ತದೆ. ಎಲ್ಲ ಭಾಷೆಗಳ ಲಿಪಿಯನ್ನೂ ಬರೆಯಬಲ್ಲ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ 3 ಬೈಟ್, ಬೇಸ್64ರಲ್ಲಿ ಪ್ರತಿ 3 ಬೈಟಿಗೆ 4 ಅಕ್ಷರ. ‘ಬೆಲ್ಲ’ ಎಂದು ಬರೆದರೆ ಬಕಾರ, ಎತ್ವ, ಲಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಲಕಾರ ಸೇರಿ 5 ಚಿಹ್ನೆ, 15 ಬೈಟ್, ಕೊನೆಗೆ 20 ಅಕ್ಷರ. ಕನ್ನಡದ ಚಿಹ್ನೆಗಳೆಲ್ಲ ಯುನಿಕೋಡಿನ ಒಂದೇ ವಿಭಾಗದಲ್ಲಿರುವುದರಿಂದ ಈ ನಾಲ್ಕರ ಗುಂಪುಗಳೆಲ್ಲವೂ 4 ಎಂಬ ಅಂಕಿ ಮತ್ತು ಎಲ್ ಅಕ್ಷರದಿಂದಲೇ ಆರಂಭವಾಗುತ್ತವೆ, ಮೂರನೆಯದು ಕೆ ಅಥವಾ ಓ ಆಗಿರುತ್ತದೆ. ಪದಗಳ ನಡುವೆ ಖಾಲಿ ಜಾಗ ಬಂದ ಕೂಡಲೇ ಈ ಲಯ ಜರುಗುತ್ತದೆ, ಆದರೆ ಗುರುತು ಹಿಡಿಯಲು ಮೊದಲ ಪದವೇ ಸಾಕು. ಸಾಲು ಉದ್ದವಾದಾಗ ಅದನ್ನು 75 ಅಕ್ಷರಗಳ ಮಿತಿಯೊಳಗಿನ ತುಂಡುಗಳಾಗಿ ಕತ್ತರಿಸಬೇಕು, ಮತ್ತು ಕತ್ತರಿ ಒಂದು ಚಿಹ್ನೆಯ ಮೂರು ಬೈಟುಗಳ ನಡುವೆ ಬೀಳಬಾರದು. ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಶನ್ ಇದ್ದರೆ ಪಿಎಚ್‌ಪಿಮೇಲರ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕೈಯಿಂದ ಬರೆದ ಕೋಡಿನಲ್ಲಿ ಇದು ಸರಿಯಾಗಿರುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ಇಷ್ಟು ಹೊಗಳಿದ ಮೇಲೆ ಸಿಟ್ಟಿನ ಮಾತೂ ಬರಬೇಕು. ಇಷ್ಟೆಲ್ಲ ಬಲ್ಲ ಈ ಲೈಬ್ರರಿಯ 6ನೇ ಸರಣಿಯಲ್ಲೂ ‘ಚಾರ್‌ಸೆಟ್’ ಎಂಬ ಅಕ್ಷರಪಟ್ಟಿಯ ಸೆಟ್ಟಿಂಗ್ ತಾನಾಗಿ ಐಎಸ್‌ಒ-8859-1 ಎಂದೇ ಇರುತ್ತದೆ. ಅದು ಪಶ್ಚಿಮ ಯುರೋಪಿನ ಭಾಷೆಗಳ ಪಟ್ಟಿ. ನಾವು ಒಂದು ಸಾಲು ಬರೆದು ಯುಟಿಎಫ್-8 ಎಂದು ಬದಲಾಯಿಸದಿದ್ದರೆ, ‘ಎರಡು ಬಕೆಟ್ ಬೆಲ್ಲ ಬೇಕು, ಅಚ್ಚು ಬೆಲ್ಲದ ದರ ತಿಳಿಸಿ’ ಎಂಬ ಸಾಲು ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ‘ಎ’ಗಳ ಸಾಲಾಗಿ ಮಾಲೀಕರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟೂ ಒಂದೇ ಆಗಿರುವುದರಿಂದ ಅದೇ ‘ಎ’ ಪುಟದ ತುಂಬ ಕಾಣಿಸುತ್ತದೆ. ದೋಷಸಂದೇಶ ಬರುವುದಿಲ್ಲ, ಲಾಗ್‌ನಲ್ಲೂ ಎಲ್ಲ 250. ಹಳೆಯ ಕೋಡುಗಳೊಂದಿಗೆ ಹೊಂದಿಕೊಳ್ಳಬೇಕೆಂಬ ಕಾರಣ ಇರಬಹುದು. ಆದರೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಗಿರಾಕಿಗೆ ಒಪ್ಪಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ. ಅದಕ್ಕೇ ನಾನು ಪರೀಕ್ಷೆಯ ಸಂದೇಶವನ್ನು ಒತ್ತಕ್ಷರ ತುಂಬಿದ ಕನ್ನಡದಲ್ಲೇ ಬರೆಯುತ್ತೇನೆ.

ಇನ್ನೊಂದು ಕಿರಿಕಿರಿ ಲೈಬ್ರರಿಯದ್ದಲ್ಲ, ಅದರ ಸುತ್ತಮುತ್ತಲಿನದು. ಗಿರಾಕಿಯ ಜಿಮೇಲ್ ಖಾತೆಯ ಮೂಲಕ ಕಳುಹಿಸುವುದಾದರೆ 2022ರ ಮೇ ತಿಂಗಳ ನಂತರ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾದ ಕ್ಷಣವೇ ಆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ಮನೆಯ ಹುಡುಗರು ಹೊಸ ಫೋನಿಗೆ ಲಾಗಿನ್ ಆಗುವಾಗ ಪಾಸ್‌ವರ್ಡ್ ಬದಲಾಯಿಸುತ್ತಾರೆ, ಫಾರಂಗೂ ಅದಕ್ಕೂ ಸಂಬಂಧವಿದೆಯೆಂದು ಅವರಿಗೆ ಹೇಗೆ ಹೊಳೆಯಬೇಕು? ಮರುದಿನ ಬೆಳಿಗ್ಗೆ ಲಾಗ್‌ನಲ್ಲಿ 235ರ ಬದಲು ಲಾಗಿನ್ ನಿರಾಕರಿಸುವ 535 ಕಾಣುತ್ತದೆ. ದಸರಾ ಹತ್ತಿರ ಬಂದಾಗ ಹೋಂಸ್ಟೇಯವರ ಖಾತೆಯಲ್ಲಿ ಹೀಗಾದರೆ ಅದರ ಬೆಲೆ ಏನೆಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಸಾಧ್ಯವಾದ ಕಡೆಯಲ್ಲೆಲ್ಲ ಹೋಸ್ಟಿಂಗ್ ಜೊತೆಗೇ ಸಿಗುವ ಡೊಮೈನ್ ಹೆಸರಿನ ಮೇಲ್‌ಬಾಕ್ಸನ್ನು ಫಾರಂಗೆಂದೇ ಬೇರೆಯಾಗಿ ಮಾಡಿ, ಅದರ ಪಾಸ್‌ವರ್ಡನ್ನು ಯಾರ ಫೋನಿಗೂ ಹಾಕದೆ ಇಡುತ್ತೇನೆ.

ಕೊನೆಯ 250 ಬಂದರೂ ಪತ್ರ ಇನ್‌ಬಾಕ್ಸಿಗೆ ಸೇರಿತೆಂದು ಹೇಳುವಂತಿಲ್ಲ, ಎದುರಿನ ಸರ್ವರ್ ಹೊಣೆ ವಹಿಸಿಕೊಂಡಿತು ಎಂದಷ್ಟೇ ಹೇಳಬಹುದು. ಸ್ಪ್ಯಾಮ್ ಎಂದು ಬದಿಗಿಡುವುದು ಆಮೇಲಿನ ಮಾತು. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಪ್ರತಿ ಡೊಮೈನಿಗೂ, ಪತ್ರ ನಿಜವಾಗಿ ಅದರದ್ದೇ ಎಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕೆಂದು ಕೇಳುತ್ತಿದೆ. ಡೊಮೈನಿನ ವಿವರಗಳಿರುವ ಡಿಎನ್‌ಎಸ್‌ನಲ್ಲಿ ಈ ದಾಖಲೆಗಳನ್ನು ಬರೆಯುವುದು ಒಂದು ಸಂಜೆಯ ಕೆಲಸ, ಆದರೆ ಅದನ್ನು ಯಾವ ಲೈಬ್ರರಿಯೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಇನ್ನು ವೇಗದ ವಿಚಾರ. ಸರ್ವರ್‌ಗಳ ಆ ಮಾತುಕತೆಗೆ ಕೆಲವು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ತಾಳ್ಮೆ ತಪ್ಪಿದವರು ಬಟನ್ ಮತ್ತೊಮ್ಮೆ ಒತ್ತಿ, ಒಂದೇ ವಿಚಾರಣೆ ಎರಡು ಬಾರಿ ಬರುತ್ತದೆ. ಹಾಗಾಗಿ ನನ್ನ ಫಾರಂಗಳು ಸಂದೇಶವನ್ನು ಮೊದಲು ಡೇಟಾಬೇಸಿಗೆ ಬರೆದು ಗ್ರಾಹಕರಿಗೆ ಕೂಡಲೇ ಉತ್ತರಿಸುತ್ತವೆ. ಐದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಕೆಲಸವೊಂದು ಬಾಕಿಯಿರುವುದನ್ನು ಕಳುಹಿಸುತ್ತದೆ, ಸೋತರೆ ಮುಂದಿನ ಸರದಿಯಲ್ಲಿ ಮತ್ತೆ ಯತ್ನಿಸುತ್ತದೆ. 535 ಬಂದ ದಿನವೂ ಯಾರ ವಿಚಾರಣೆಯೂ ಕಳೆದುಹೋಗದೆ ಇರುವುದು ಈ ವ್ಯವಸ್ಥೆಯಿಂದಲೇ. ಪುಟದ ಮೇಲಿನ ಹಸಿರು ಪಟ್ಟಿಯಲ್ಲೂ ‘ತಲುಪಿದೆ’ ಎಂದು ಬರೆಯದೆ ‘ಬರೆದಿಟ್ಟುಕೊಂಡಿದ್ದೇವೆ’ ಎಂದು ಬರೆಸಿದ್ದೇನೆ.

ಭದ್ರತೆಯ ಬಗ್ಗೆ ಕೇಳುವವರು 2016ರ ಡಿಸೆಂಬರಿನ ಸಿವಿಇ-2016-10033 ಎಂಬ ಸಂಖ್ಯೆಯಲ್ಲಿ ದಾಖಲಾದ ದೋಷವನ್ನು ಎತ್ತುತ್ತಾರೆ. ಕಳುಹಿಸುವವರ ವಿಳಾಸದ ಮೂಲಕ ಸರ್ವರಿನಲ್ಲಿ ಬೇಕಾದ ಕೋಡ್ ಓಡಿಸಲು ದಾರಿ ಮಾಡಿಕೊಡುತ್ತಿದ್ದ ಗಂಭೀರ ದೋಷ ಅದು. ಲೈಬ್ರರಿಯ 5.2.18ನೇ ಆವೃತ್ತಿಯ ತಿದ್ದುಪಡಿ ಸಾಲದೆ 5.2.20 ಬರಬೇಕಾಯಿತು. ಗಮನಿಸಬೇಕಾದದ್ದೆಂದರೆ, ಆ ದೋಷ ತಗುಲಿದ್ದು ಪಿಎಚ್‌ಪಿಯ ಅದೇ ಹಳೆಯ ಮೇಲ್ ಫಂಕ್ಷನ್ ಮೂಲಕ ಪತ್ರ ಕಳುಹಿಸುವ ದಾರಿಗೆ, ಎಸ್‌ಎಂಟಿಪಿ ದಾರಿಗಲ್ಲ. ಆದರೂ ಲೈಬ್ರರಿಯನ್ನು ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಬಿಡುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಸಾವಿರಾರು ಜನರಿಗೆ ಸುದ್ದಿಪತ್ರ ಕಳುಹಿಸುವವರು ಹಣ ಕೊಟ್ಟು ಅದಕ್ಕೆಂದೇ ಇರುವ ಸೇವೆಯನ್ನು ಕೊಳ್ಳಲಿ. ಮಾಮೂಲಿ ಜಿಮೇಲ್ ಖಾತೆಯ ಮಿತಿಯೇ ದಿನಕ್ಕೆ 500. ದಿನಕ್ಕೆ ಬೆರಳೆಣಿಕೆಯ ವಿಚಾರಣೆ ಬರುವ ಅಂಗಡಿ, ಪಾಠಶಾಲೆ, ಹೋಂಸ್ಟೇಗಳಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಚಾರ್‌ಸೆಟ್ ತಿಂದುಹಾಕಿದೆ. ಲಾಗ್ ಇಡಲು ಹೊರಟವರಿಗೆ ಒಂದು ಸೂಚನೆ: ಅದರಲ್ಲಿ ಪತ್ರದ ಪೂರ್ಣ ಪಾಠವೂ, ಗ್ರಾಹಕರ ಫೋನ್ ನಂಬರೂ ಇರುತ್ತವೆ. ಆದ್ದರಿಂದ ಆ ಫೈಲನ್ನು ಬ್ರೌಸರಿಗೆ ಸಿಗುವ ಫೋಲ್ಡರಿನಿಂದ ಹೊರಗಿಡಿ, ವಾರಕ್ಕೊಮ್ಮೆ ತಾನಾಗಿ ಅಳಿಸಿಹೋಗುವಂತೆ ಇನ್ನೊಂದು ಕ್ರಾನ್ ಸಾಲನ್ನೂ ಬರೆದುಬಿಡಿ.