ಪೆಲೊಪೊನ್ನೀಸ್ ಕರಾವಳಿ ಪ್ಯಾಕೇಜ್: ವೀಸಾ ಕೆಲಸ ಅಚ್ಚುಕಟ್ಟು, ದಿನಗಳ ಲೆಕ್ಕ ತಪ್ಪು

ಮಂಗಳೂರಿನ ಟ್ರಾವೆಲ್ ಏಜೆನ್ಸಿಯೊಂದು ದಸರಾ ರಜೆಗೆಂದು ಕೊಡುತ್ತಿರುವ 7 ರಾತ್ರಿಗಳ ಗ್ರೀಸ್ ಪ್ಲಾನ್ ಇದು. ಸ್ಯಾಂಟೊರಿನಿ ದ್ವೀಪದ ಗದ್ದಲ ಬಿಟ್ಟು ದಕ್ಷಿಣ ಗ್ರೀಸಿನ ಪೆಲೊಪೊನ್ನೀಸ್ ಕರಾವಳಿಯನ್ನು ಆರಿಸಿದ್ದು ಒಳ್ಳೆಯದೇ. ಹಡಗಿಗೆ ಕಾಯುವ ತಾಪತ್ರಯವಿಲ್ಲ, ಅಥೆನ್ಸಿನಿಂದ ಕಾರಿನಲ್ಲಿ ಎರಡು ಗಂಟೆಗೆ ಕಡಲತೀರದ ಊರಾದ ನಾಫ್‌ಪ್ಲಿಯೊ ಸಿಗುತ್ತದೆ. ಕಾಲವೂ ಸರಿ. ಅಕ್ಟೋಬರಿಗೆ ಬಿಸಿಲು ಇಳಿದಿರುತ್ತದೆ, ಸಮುದ್ರದ ನೀರು ಮಾತ್ರ ಇನ್ನೂ ಬೆಚ್ಚಗೆ ಉಂಟು. ನವೆಂಬರ್ ಬಂತೆಂದರೆ ಆ ಕರಾವಳಿಯ ಎಷ್ಟೋ ಹೋಟೆಲುಗಳು ಬಾಗಿಲು ಹಾಕುತ್ತವೆ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಕಡತವನ್ನು ಇವರು ಚೆನ್ನಾಗಿ ಜೋಡಿಸಿಕೊಡುತ್ತಾರೆ. 30,000 ಯೂರೊ ವಿಮೆ, ವಾಪಸಾಗುವ ದಿನದಿಂದ ಮುಂದೆ 3 ತಿಂಗಳಾದರೂ ಅವಧಿಯಿರುವ ಪಾಸ್‌ಪೋರ್ಟ್, ಅದರಲ್ಲಿ ಎರಡು ಖಾಲಿ ಪುಟ, ಎಲ್ಲವನ್ನೂ ಮೊದಲೇ ನೋಡುತ್ತಾರೆ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಲೇಬೇಕು. ಮನೆಯವರಿಗೆಲ್ಲ ಒಂದೇ ದಿನ ಅಪಾಯಿಂಟ್‌ಮೆಂಟ್ ಹಾಕಿಸುವುದರಿಂದ ಒಂದೇ ಸಲದ ಬಸ್ ಪ್ರಯಾಣದಲ್ಲಿ ಮುಗಿಯುತ್ತದೆ. ಅರ್ಜಿಗೆ 15 ದಿನ ಸಾಕು ಎಂಬ ಮಾತನ್ನು ಮಾತ್ರ ನಂಬಬೇಡಿ. ಅದು ನಿಯಮದ ಕನಿಷ್ಠ ಗಡುವು. ಹೊರಡುವ ದಿನಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಎರಡು ತಿಂಗಳು ಮೊದಲಾದರೂ ಹಾಕುವುದು ಕ್ಷೇಮ.

ವಿಮಾನದ ಟಿಕೆಟ್‌ನಲ್ಲಿ ಒಂದು ಅಪಾಯ ಅಡಗಿದೆ. ದರ ಕಡಿಮೆ ತೋರಿಸಲು ಮಂಗಳೂರು–ದುಬೈ ಒಂದು ಕಂಪನಿ, ದುಬೈ–ಅಥೆನ್ಸ್ ಇನ್ನೊಂದು ಕಂಪನಿ ಎಂದು ಎರಡು ಬೇರೆ ಟಿಕೆಟ್ ಮಾಡಿದ್ದಾರೆ. ಹೀಗಾದರೆ ಬ್ಯಾಗು ನೇರ ಅಥೆನ್ಸಿಗೆ ಹೋಗುವುದಿಲ್ಲ. ದುಬೈಯಲ್ಲಿ ಇಳಿದು ಬ್ಯಾಗು ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು, ಅದಕ್ಕೆ ಯುಎಇ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕೈಚೆಲ್ಲುತ್ತದೆ. ಬೆಂಗಳೂರಿನಿಂದಲೋ ಮುಂಬೈಯಿಂದಲೋ ಆದರೂ ಸರಿ, ಇಡೀ ಪ್ರಯಾಣಕ್ಕೆ ಒಂದೇ ಬುಕಿಂಗ್, ಅಂದರೆ ಒಂದೇ ಪಿಎನ್‌ಆರ್ ಕೇಳಿ.

ಇನ್ನು ಪ್ಲಾನಿನ ನಿಜವಾದ ದೋಷ. ಮೂರನೇ ದಿನ ಬೆಳಿಗ್ಗೆ ನಾಫ್‌ಪ್ಲಿಯೊ ಬಿಟ್ಟು ಮೈಸೀನಿ, ಎಪಿಡಾರಸ್ ಎಂಬ ಎರಡು ಪ್ರಾಚೀನ ತಾಣಗಳನ್ನೂ ನೋಡಿ ರಾತ್ರಿಗೆ ಕೋಟೆಯೂರು ಮೊನೆಮ್‌ವಾಸಿಯಾ ತಲುಪಬೇಕಂತೆ! ಮೈಸೀನಿ ಉತ್ತರಕ್ಕೆ, ಎಪಿಡಾರಸ್ ಪೂರ್ವಕ್ಕೆ, ಮೊನೆಮ್‌ವಾಸಿಯಾ ತೀರಾ ದಕ್ಷಿಣಕ್ಕೆ. ತ್ರಿಪೋಲಿ–ಸ್ಪಾರ್ಟಾ ಮೇಲಿನ ಒಳ್ಳೆಯ ರಸ್ತೆಯಲ್ಲೇ ನಾಫ್‌ಪ್ಲಿಯೊದಿಂದ ಅಲ್ಲಿಗೆ ಸುಮಾರು ಮೂರು ಗಂಟೆ. ನಕ್ಷೆಯಲ್ಲಿ ಚಂದ ಕಾಣುವ ಕರಾವಳಿ ದಾರಿ ಲಿಯೊನಿಡಿಯೊ ದಾಟಿದ ಮೇಲೆ 1,100 ಮೀಟರಿಗೂ ಎತ್ತರದ ಕೊಸ್ಮಾಸ್ ಊರಿಗೆ ಹತ್ತುತ್ತದೆ. ಆಗುಂಬೆ ಘಾಟಿಯ ತಿರುವುಗಳಿಗೆ ಒಗ್ಗಿದವರಿಗೂ ಕತ್ತಲಾದ ಮೇಲೆ, ರಸ್ತೆಯ ಬಲಬದಿಯಲ್ಲಿ ಓಡಿಸುತ್ತ, ಅದು ಬೇಡ.

ನಾಫ್‌ಪ್ಲಿಯೊದಲ್ಲಿ ಮೂರು ರಾತ್ರಿ ಇಡಿಸಿ. 1834ರವರೆಗೆ ಗ್ರೀಸಿನ ರಾಜಧಾನಿಯಾಗಿದ್ದ ಊರು ಅದು. ಮೇಲಿರುವ ಪಲಮೀದಿ ಕೋಟೆ ವೆನಿಸಿನವರು 1711–14ರಲ್ಲಿ ಕಟ್ಟಿದ್ದು. ಮೆಟ್ಟಿಲು 999 ಎಂಬುದು ಜನರ ಮಾತು, ಎಣಿಸಿದರೆ ಅಷ್ಟಿಲ್ಲ, ಆದರೆ ನೆರಳೂ ಇಲ್ಲ. ಟ್ಯಾಕ್ಸಿಯಲ್ಲಿ ಹಿಂಬದಿಯ ರಸ್ತೆಯಿಂದ ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳಿದರೆ ಕೊಲ್ಲಿ ಇಡೀ ಕಣ್ಣೆದುರು. ಸವೆದು ನುಣುಪಾದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ, ಶೂ ಹಾಕಿ.

ಎಪಿಡಾರಸ್ ರಂಗಮಂದಿರಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಟೂರ್ ಬಸ್ಸುಗಳು ಬರುವ ಮೊದಲು. ಕೆಳಗೆ ಆಟವಾಡುವ ವೃತ್ತದ ನಟ್ಟನಡುವೆ ಒಂದು ದುಂಡು ಕಲ್ಲಿದೆ. ಅದರ ಮೇಲೆ ನಿಂತು ಒಬ್ಬರು ಕಾಗದ ಹರಿಯಲಿ, ಉಳಿದವರು 55 ಸಾಲು ಹತ್ತಿ ತುದಿಯಲ್ಲಿ ಕುಳಿತು ಕೇಳಲಿ. ಸುಣ್ಣಕಲ್ಲಿನ ಆಸನಗಳ ಸಾಲುಗಳು ಗುಜುಗುಜಿನ ತಗ್ಗು ಸ್ವರಗಳನ್ನು ಕುಗ್ಗಿಸಿ ಮಾತನ್ನು ಉಳಿಸುತ್ತವೆ ಎಂದು 2007ರ ಅಧ್ಯಯನವೊಂದು ವಿವರಿಸಿತು. ಬಯಲಾಟ ನೋಡಿ ಬೆಳೆದ ನಮ್ಮವರು ಇಲ್ಲಿ ಒಂದು ಗಂಟೆಯಾದರೂ ಕೂರಬೇಕು. ಪ್ಲಾನಿನಲ್ಲಿ ಕೊಟ್ಟಿರುವುದು 40 ನಿಮಿಷ!

ಮೊನೆಮ್‌ವಾಸಿಯಾಕ್ಕೆ ಎರಡು ರಾತ್ರಿ, ಕೊನೆಗೆ ಅಥೆನ್ಸಿಗೆ ಎರಡು. ಮೊನೆಮ್‌ವಾಸಿಯಾ ಕೋಟೆಯೊಳಗೆ ಕಾರು ಹೋಗುವುದಿಲ್ಲ, ಕಲ್ಲುಹಾಸಿನ ಓಣಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯಲೂ ಆಗದು. ಎರಡು ರಾತ್ರಿಯ ಬಟ್ಟೆಯನ್ನು ಬೆನ್ನಿನ ಬ್ಯಾಗಿಗೆ ತುಂಬಿ, ಉಳಿದದ್ದು ಕಾರಿನಲ್ಲೇ ಇರಲಿ. ಪೆಲೊಪೊನ್ನೀಸಿನ ದಕ್ಷಿಣದಲ್ಲೇ ಇರುವ ಮಾನಿ ಪ್ರದೇಶವನ್ನು ಈ ಸಲ ಬಿಟ್ಟುಬಿಡಿ.

ಸ್ವತಃ ಓಡಿಸುವವರು ಹೊರಡುವ ಮೊದಲು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸನ್ನೂ ಒಯ್ಯಬೇಕು. ಬಾಡಿಗೆ ಕಾರಿನ ಠೇವಣಿ ಹಿಡಿಯುವುದು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ. ಹೆಂಡತಿಯ ಕಾರ್ಡು, ಗಂಡನ ಲೈಸೆನ್ಸು ಎಂದರೆ ಕೌಂಟರಿನಲ್ಲಿ ಕಾರು ಸಿಗಲಿಕ್ಕಿಲ್ಲ. ಆಟೊಮ್ಯಾಟಿಕ್ ಬೇಕಾದರೆ ಬೇಗ ಬುಕ್ ಮಾಡಿ. ಏಜೆನ್ಸಿಯ ಬೆಲೆಯಲ್ಲಿ ಹೋಟೆಲಿನ ಸರ್ಕಾರಿ ತೆರಿಗೆ ಸೇರಿಲ್ಲ. 2025ರಿಂದ ಏಪ್ರಿಲ್–ಅಕ್ಟೋಬರಿನಲ್ಲಿ 3 ಸ್ಟಾರ್‌ಗೆ ರಾತ್ರಿಗೆ ಕೋಣೆಯೊಂದಕ್ಕೆ 5 ಯೂರೊ, 4 ಸ್ಟಾರ್‌ಗೆ 10, ಅಲ್ಲೇ ಕಟ್ಟಬೇಕು. ಪ್ರವಾಸದ ಬಿಲ್ಲಿನ ಮೇಲೆ ಏಜೆನ್ಸಿ ಮೊದಲೇ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಸಿಎಸ್, ಎಷ್ಟೆಂದು ಬಿಲ್ಲಿನಲ್ಲಿ ಬೇರೆ ಬರೆಸಿಕೊಳ್ಳಿ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.

ಊಟದ ಬಗ್ಗೆ ಪ್ಲಾನಿನಲ್ಲಿರುವುದು "ಇಂಡಿಯನ್ ಡಿನ್ನರ್" ಎಂಬ ಎರಡೇ ಪದ, ಅದೂ ಅಥೆನ್ಸಿನಲ್ಲಿ ಮಾತ್ರ. ಸಸ್ಯಾಹಾರಿಗಳು "ನಿಸ್ತಿಸಿಮೊ" ಎಂಬ ಪದ ಕಲಿತು ಹೋಗಲಿ. ಗ್ರೀಕರ ಚರ್ಚಿನ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಟೊಮೆಟೊದೊಳಗೆ ಅನ್ನ ತುಂಬಿದ ಗೆಮಿಸ್ತಾ, ದೊಡ್ಡ ಬೀನ್ಸಿನ ಗಿಗಾಂದೆಸ್ ನಮ್ಮ ನಾಲಗೆಗೆ ಹಿಡಿಸುತ್ತವೆ, ಗೆಮಿಸ್ತಾದಲ್ಲಿ ಮಾಂಸವಿಲ್ಲವೇ ಎಂದು ಕೇಳಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ ಎನ್ನುವ ಉಡುಪಿ ಕಡೆಯ ಮಡಿವಂತರು ಅಡುಗೆಮನೆಯಿರುವ ಕೋಣೆಯನ್ನೇ ಕೇಳಬೇಕು. ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ ಬೇಡ, ಹೊರಗಿನ ಹಾಲಿನ ಪದಾರ್ಥಗಳಿಗೆ ಅಲ್ಲಿ ಪ್ರವೇಶವಿಲ್ಲ. ಮೀನು ತಿನ್ನುವವರು ಬೂತಾಯಿಯ ಬಳಗದ ಸಾರ್ದೆಲೆಸ್ ಹೇಳಿ, ತಟ್ಟೆ ಲೆಕ್ಕದಲ್ಲಿ ಅಗ್ಗ. ದೊಡ್ಡ ಮೀನಿಗೆ ಮೆನುವಿನಲ್ಲಿರುವುದು ಕಿಲೋ ದರ. ಒಲೆಗೆ ಹೋಗುವ ಮೊದಲೇ ಎದುರು ತೂಗಿಸಿ ಬೆಲೆ ಕೇಳಿಕೊಳ್ಳಿ.