ಪುಲಿಯಾದ ಟ್ರುಲ್ಲೋ ಮನೆಗೆ ಮುಂಗಡ ಕಟ್ಟುವ ಮುನ್ನ

ಮೋಸ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ಹೆಸರಾಂತ ಬುಕಿಂಗ್ ತಾಣದಲ್ಲಿ ದಕ್ಷಿಣ ಇಟಲಿಯ ಪುಲಿಯಾದ ಚೆಂದದ ಟ್ರುಲ್ಲೋ (ಶಂಕು ಚಾವಣಿಯ ಕಲ್ಲುಮನೆ), ಈಜುಕೊಳ, ಆಲಿವ್ ತೋಟ, ಜುಲೈ ತಿಂಗಳಿಗೂ ಅಚ್ಚರಿಯಷ್ಟು ಕಡಿಮೆ ಬಾಡಿಗೆ. ವಿಚಾರಿಸಿದರೆ "ಮಾಲೀಕರು" ವಾಟ್ಸಾಪ್‌ಗೆ ಬನ್ನಿ ಅನ್ನುತ್ತಾರೆ. ತಾಣದ ಕಮಿಷನ್ ಉಳಿಯುತ್ತದೆ, ಬ್ಯಾಂಕಿಗೆ ನೇರವಾಗಿ ಹಾಕಿದರೆ ರಿಯಾಯಿತಿ ಕೊಡುತ್ತೇನೆ ಎಂಬ ಮಾತು ಬರುತ್ತದೆ. ಮೊಹರು ಹಾಕಿದ ರಸೀದಿಯೂ ಬರುತ್ತದೆ. ಬಾರಿ ನಗರದ ವಿಮಾನ ನಿಲ್ದಾಣದಲ್ಲಿಳಿದು ಕಾರು ಹಿಡಿದು ಹೋದರೆ ಆ ಮನೆಯಲ್ಲಿ ಬೇರೆ ಯಾರೋ ಸಂಸಾರ ಮಾಡುತ್ತಿರುತ್ತಾರೆ. ಹಣ ತಾಣದ ಮೂಲಕ ಹೋಗಿಲ್ಲವಾದ್ದರಿಂದ ತಾಣದವರೂ ಕೈಯೆತ್ತುತ್ತಾರೆ. ನಮ್ಮವರಿಗೆ ಇನ್ನೊಂದು ಪೆಟ್ಟು ಮೊದಲೇ ಬೀಳಬಹುದು: ಷೆಂಗೆನ್ ವೀಸಾ ಅರ್ಜಿಗೆ ಲಗತ್ತಿಸಿದ ವಸತಿ ಪತ್ರವೇ ನಕಲಿ ಎಂದಾದರೆ ವೀಸಾವೇ ತಿರಸ್ಕಾರವಾದೀತು.

ಪರಿಶೀಲಿಸಲು ದಾರಿ ಇದೆ. 2025ರ ಜನವರಿ 1ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಕೊಡುವ ಬಾಡಿಗೆ ಮನೆಗಳಿಗೆ ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಇರಲೇಬೇಕು. ಅದು ಜಾಹೀರಾತಿನಲ್ಲೂ ಕಾಣಬೇಕು, ಕಟ್ಟಡದ ಹೊರಗೂ ಕಾಣಬೇಕು. ಸಂಖ್ಯೆ ಐಟಿ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ, ಮುಂದಿನ ಆರು ಅಂಕಿ ಊರಿನ ಸಂಕೇತ. ಅದರಲ್ಲಿ ಮೊದಲ ಮೂರು ಪ್ರಾಂತ್ಯದ್ದು: ಬಾರಿಗೆ 072, ತಾರಾಂತೊಗೆ 073, ಬ್ರಿಂದಿಸಿಗೆ 074, ಲೆಚ್ಚೆಗೆ 075. ಅಲ್ಬೆರೊಬೆಲ್ಲೊ, ಲೊಕೊರೊತೊಂದೊ ಬಾರಿಗೆ ಸೇರಿದವು, ಮಾರ್ತಿನಾ ಫ್ರಾಂಕಾ ತಾರಾಂತೊಗೆ, ಒಸ್ತೂನಿ, ಚಿಸ್ತೆರ್ನಿನೊ ಬ್ರಿಂದಿಸಿಗೆ. ಒಸ್ತೂನಿಯ ಮನೆ ಎಂದು ಹೇಳಿ 072 ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಂಕಿ ಹೊಂದಿದ ಮಾತ್ರಕ್ಕೆ ಮನೆ ಅಸಲಿ ಎಂದೇನಲ್ಲ, ಜಾಹೀರಾತು ಕದ್ದವನು ಸಂಖ್ಯೆಯನ್ನೂ ಕದ್ದಿರುತ್ತಾನೆ. ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಕೋಣೆ ಬೇರೆ ಹೆಸರಲ್ಲಿ ಸಿಗುತ್ತದೆಯೇ ನೋಡಿ. ಹಣ ಕೇಳಿದ ಖಾತೆಯ ಐಬಿಎಎನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಐಟಿಯಿಂದ ಶುರುವಾಗದಿದ್ದರೆ ಅನುಮಾನ ಇನ್ನೂ ಗಟ್ಟಿ. ಏನೇ ಆದರೂ ತಾಣದ ಹೊರಗೆ ಒಂದು ಯೂರೋ ಕೂಡ ಬೇಡ. ಊರಿನ ಪ್ರವಾಸಿ ತೆರಿಗೆಯನ್ನು ಅಲ್ಲೇ ನಗದಾಗಿ ಕೇಳುವುದು ಮಾತ್ರ ಮೋಸವಲ್ಲ, ವಾಡಿಕೆ. ಪೊಲೀಸರಿಗೆ ಅತಿಥಿಗಳ ವಿವರ ಕಳಿಸುವುದು ಮಾಲೀಕರ ಕರ್ತವ್ಯವಾದ್ದರಿಂದ ಪಾಸ್‌ಪೋರ್ಟ್ ಕೇಳುವುದೂ ಸರಿಯೇ. ಬುಕಿಂಗ್‌ಗೆ ಮೊದಲೇ ವಾಟ್ಸಾಪಿನಲ್ಲಿ ಅದರ ಪ್ರತಿ ಕೇಳಿದರೆ ಕೊಡಬೇಡಿ.

ಮನೆ ಅಸಲಿಯಾದರೂ ಫೋಟೊದಲ್ಲಿ ಕಾಣದ ಸಂಗತಿಗಳಿವೆ. ಟ್ರುಲ್ಲೋ ಅಂದರೆ ಗಾರೆಯಿಲ್ಲದೆ ಸುಣ್ಣಕಲ್ಲು ಪೇರಿಸಿ ಕಟ್ಟಿದ, ಶಂಕುವಿನಂಥ ಚಾವಣಿಯ ಹಳ್ಳಿಮನೆ. ತೆರಿಗೆಯವರು ಬರುವ ಸುದ್ದಿ ಬಂದರೆ ಚಾವಣಿ ಕೆಡವಿಬಿಡಲು ಅನುಕೂಲವಾಗಲಿ ಎಂದು ಹೀಗೆ ಕಟ್ಟುತ್ತಿದ್ದರಂತೆ. ದಪ್ಪ ಗೋಡೆ, ಪುಟ್ಟ ಕಿಟಕಿ: ಮಧ್ಯಾಹ್ನ ತಂಪು, ನಿಜ. ಆದರೆ ತಳಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ, ನೆಲದ ನೀರು ಕಲ್ಲಿನಲ್ಲಿ ಮೇಲೇರುತ್ತದೆ. ದುರಸ್ತಿ ಹೆಸರಲ್ಲಿ ಸಿಮೆಂಟ್ ಮೆತ್ತಿದ್ದರೆ ಅದು ಹೊರಹೋಗಲೂ ದಾರಿಯಿಲ್ಲ. ಏಪ್ರಿಲ್‌ನಲ್ಲಿ ಹೋದವರಿಗೆ ಬೂಷ್ಟಿನ ವಾಸನೆ, ಒಣಗದ ಬಟ್ಟೆ. "ಆರು ಜನಕ್ಕೆ" ಎಂದಿದ್ದರೆ ಹಾಸಿಗೆ ಎಲ್ಲಿವೆ ಎಂದು ಕೇಳಿ. ಎರಡು ಹಾಸಿಗೆ ಶಂಕುವಿನೊಳಗಿನ ಅಟ್ಟದಲ್ಲಿದ್ದು, ಹತ್ತಲು ಕಡಿದಾದ ಏಣಿ ಮಾತ್ರ ಇರಬಹುದು. ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ.

ಕರೆಂಟು ಇನ್ನೊಂದು ತಲೆನೋವು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ಸಂಪರ್ಕ. 2 ಕಿಲೋವ್ಯಾಟ್ ಇಂಡಕ್ಷನ್ ಒಲೆಯ ಮೇಲೆ ಕುಕ್ಕರ್, ಪಕ್ಕದಲ್ಲಿ 1.2 ಕಿಲೋವ್ಯಾಟ್ ಗೀಸರ್, ಜೊತೆಗೆ ಎಸಿ: ಅನ್ನ ಬೇಯುವುದರೊಳಗೆ ಮನೆ ಕತ್ತಲು. ತೋಟದ ಮನೆಯಾದರೆ ಮೀಟರು ರಸ್ತೆ ಬದಿಯ ಪೆಟ್ಟಿಗೆಯಲ್ಲಿರಬಹುದು. ಬಂದ ದಿನವೇ ಅದರ ಜಾಗ ತೋರಿಸಿಕೊಳ್ಳಿ, ಅಡುಗೆ ಮಾಡುವಾಗ ಗೀಸರ್ ಆರಿಸಿಡಿ. ನೀರು ಕೊಳವೆಯದೋ ಟ್ಯಾಂಕರಿನದೋ ಅನ್ನುವುದನ್ನೂ ಕೇಳಿ. ನಮ್ಮ ಮೂರು ದುಂಡು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

"ಸಮುದ್ರ ಹತ್ತಿರ" ಎಂಬ ಮಾತನ್ನು ನಕ್ಷೆಯಲ್ಲಿ ಅಳೆಯಿರಿ. ಅಲ್ಬೆರೊಬೆಲ್ಲೊ ಇರುವುದು 400 ಮೀಟರಿಗಿಂತ ಎತ್ತರದಲ್ಲಿ, ಕಡಲು ಸುಮಾರು 20 ಕಿ.ಮೀ. ದೂರ. ಪೊಲಿಞ್ಞಾನೊದ ಹೆಸರಾದ ತೀರದಲ್ಲಿ ಮರಳಿಲ್ಲ, ಬೆಣಚುಕಲ್ಲು. ಒಳನಾಡಿನ ರೈಲು ಭಾನುವಾರ, ರಜಾದಿನಗಳಲ್ಲಿ ನೆಚ್ಚುವಂತಿಲ್ಲ. ಹಾಗಾಗಿ ಕಾರು ಬೇಕೇಬೇಕು, ದುಡ್ಡು ಸೋರುವುದೂ ಅಲ್ಲೇ.

ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಹೆಂಡತಿಯ ಕಾರ್ಡು ಗಂಡನ ಸ್ಟಿಯರಿಂಗಿಗೆ ಆಗುವುದಿಲ್ಲ. ಆ ಭಾಗದ ಹಳ್ಳಿ ದಾರಿಗಳಲ್ಲಿ ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದೇ ಕಾರಿನಷ್ಟು ಜಾಗ. ಗೀರು ಬಿದ್ದರೆ ಮಾಮೂಲಿ ವಿಮೆಯಿದ್ದರೂ ಒಂದು ಮಿತಿಯವರೆಗೆ ನಿಮ್ಮ ಕೈಯಿಂದಲೇ ಹೋಗುತ್ತದೆ. ಟಯರು, ಗಾಜು, ಅಡಿಭಾಗ ಹಲವು ಪಾಲಿಸಿಗಳಲ್ಲಿ ಸೇರಿಯೇ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಝಡ್‌ಟಿಎಲ್, ಅಂದರೆ ಹಳೇ ಊರಿನೊಳಗಿನ ವಾಹನ ನಿರ್ಬಂಧ ವಲಯ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಮೇಲೊಂದು ಕ್ಯಾಮೆರಾ. ದೀಪದ ಹಲಗೆಯಲ್ಲಿ "ವಾರ್ಕೊ ಅತ್ತಿವೊ" ಎಂದಿರುತ್ತದೆ. ಆ್ಯಕ್ಟಿವ್ ಅಲ್ಲವೇ, ದಾರಿ ತೆರೆದಿದೆ ಎಂದುಕೊಂಡು ನುಗ್ಗುತ್ತಾರೆ. ಅರ್ಥ ತದ್ವಿರುದ್ಧ: ನಿರ್ಬಂಧ ಜಾರಿಯಲ್ಲಿದೆ, ಒಳಗೆ ಹೋಗಬೇಡ. "ನೊನ್ ಅತ್ತಿವೊ" ಎಂದಿದ್ದರಷ್ಟೇ ಹೋಗಬಹುದು. ಜಿಪಿಎಸ್ ಇದನ್ನು ಹೇಳುತ್ತದೆಂದು ನೆಚ್ಚಬೇಡಿ. ದಾರಿ ತಪ್ಪಿ ಒಳಗೆ ಹೋದರೂ ದಂಡ, ಅದೂ 80 ಯೂರೋಗಿಂತ ಮೇಲೆ. ಅದರ ಮೇಲೆ ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಕಾರಿನ ಕಂಪನಿ ಪ್ರತಿ ಸಲ ಶುಲ್ಕ ಮುರಿದುಕೊಳ್ಳುತ್ತದೆ, ಇದು ದಂಡವಲ್ಲ, ದಂಡ ಇನ್ನೂ ಬರಲಿದೆ. ತಂಗುವ ಮನೆ ಆ ವಲಯದೊಳಗಿದ್ದರೆ, ಹೊರಡುವ ಮೊದಲೇ ಕಾರಿನ ನಂಬರಿಗೆ ಅನುಮತಿ ಸಿಗುತ್ತದೆಯೇ ಎಂದು ಮಾಲೀಕರಿಂದ ಬರಹದಲ್ಲಿ ಪಡೆಯಿರಿ. ಇಲ್ಲವೆಂದರೆ ಊರ ಹೊರಗೆ ನಿಲ್ಲಿಸಿ ನಡೆಯಿರಿ: ಬಿಳಿ ಗೆರೆಯಲ್ಲಿ ಬಿಟ್ಟಿ, ನೀಲಿಯಲ್ಲಿ ಕಾಸು, ಹಳದಿ ನಿಮಗಲ್ಲ. ವಿದೇಶದಲ್ಲಿರುವವರಿಗೆ ದಂಡದ ನೋಟಿಸ್ ಕಳಿಸಲು ಅಲ್ಲಿನ ಪೊಲೀಸರಿಗೆ 360 ದಿನಗಳ ಅವಕಾಶವಿದೆ. ಕೈಗೆ ಸಿಕ್ಕಿದ 5 ದಿನದೊಳಗೆ ಕಟ್ಟಿದರೆ ಶೇ. 30 ಕಡಿತವಿರುವುದರಿಂದ ಬೆಂಗಳೂರಿನ ವಿಳಾಸ ಬದಲಾಗಿದ್ದರೆ ಬಾಡಿಗೆ ಕರಾರಿನಲ್ಲಿ ಹೊಸದನ್ನೇ ಬರೆಸಿ.